ಚೆಂಡೆಯೇ ಅಳತೆಗೋಲು

ನಮ್ಮ ಮನೆಯ ಅಟ್ಟದ ಕ್ಯಾಸೆಟ್ ಪೆಟ್ಟಿಗೆಯಲ್ಲಿ ಒಂದು ವಾಲಿವಧೆಯ ತಾಳಮದ್ದಳೆ ಕೂಟ ಇದೆ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಹೊತ್ತು. ಮಾತು ಏರುತ್ತ ಏರುತ್ತ ಹೋಗಿ, ಇನ್ನೇನು ಆ ಮುಖ್ಯ ಪ್ರಶ್ನೆ ಬಂತು ಅನ್ನುವಷ್ಟರಲ್ಲಿ ಟಕ್ ಎಂಬ ಸದ್ದು, ಆಮೇಲೆ ಮೌನ. 90 ನಿಮಿಷದ ಕ್ಯಾಸೆಟ್ಟಿಗೆ ಒಂದು ಮಗ್ಗುಲಿನಲ್ಲಿ 45 ನಿಮಿಷ ಮಾತ್ರ. ಅಪ್ಪ ಅದನ್ನು ಹೊರತೆಗೆದು, ತಿರುಗಿಸಿ ಹಾಕಿ, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವಷ್ಟರಲ್ಲಿ ವಾಲಿ ಕೇಳಬೇಕಾದ್ದನ್ನು ಕೇಳಿ ಆಗಿತ್ತು. ಎರಡನೆಯ ಮಗ್ಗುಲು ಶುರುವಾಗುವುದೇ ರಾಮನ ಉತ್ತರದಿಂದ. ಆ ಪ್ರಶ್ನೆ ಏನಿತ್ತೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಚಿಕ್ಕವನಿದ್ದಾಗ ಉತ್ತರವನ್ನು ಕೇಳಿ ಕೇಳಿ ನಾನೇ ಪ್ರಶ್ನೆಯನ್ನು ಕಟ್ಟಿಕೊಳ್ಳುತ್ತಿದ್ದೆ.

ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ಒಳ್ಳೆಯ ಧ್ವನಿಯ ಹುಚ್ಚು ಹೇಗೆ ಹುಟ್ಟಿತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಟಕ್ ಎಂಬ ಸದ್ದು. ಸಿಕ್ಕಿದ್ದು ಸಾಲದು, ಇನ್ನೂ ಚೆನ್ನಾಗಿ ಕೇಳಬೇಕು, ತಪ್ಪಿಹೋದದ್ದೂ ಕೇಳಬೇಕು ಎಂಬ ಹಸಿವು ಅದು. ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿ ವಾಲ್ವ್ ರೇಡಿಯೊ ಕೇಳಿದ ತಲೆಮಾರು ಒಂದಿತ್ತು. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಯಕ್ಷಗಾನವೇ ಮನೆಯೊಳಗೆ ಬಂತು. ಅದೇ ಹೊತ್ತಿಗೆ ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಟೇಪ್‌ರೆಕಾರ್ಡರ್ ತರತೊಡಗಿದರು. 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿ ಅಡಿಕೆ ಬೆಳೆಗಾರನಿಗೆ ಅಷ್ಟಿಷ್ಟು ಧೈರ್ಯ ಬಂದಿತ್ತು. ಆದರೂ ಹೊರದೇಶದ ಆಂಪ್ಲಿಫೈಯರು, ಸ್ಪೀಕರುಗಳು ಆ ಕಾಲದ ಆಮದು ಸುಂಕದಲ್ಲಿ ಕೈಗೆ ಎಟುಕುವಂಥವಲ್ಲ. ಹಾಗಾಗಿ ಇಲ್ಲಿಯವರು ಕೈಗೆ ಸಿಕ್ಕಿದ್ದರಲ್ಲಿ ಮಾಡಿಕೊಂಡರು. ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕವುಚಿ ಇಟ್ಟರೆ ಮದ್ದಳೆಯ ಎಡಬದಿ ಗುಂಯ್ ಎಂದು ತುಂಬಿ ಬರುತ್ತಿತ್ತು. ಮಡಕೆಯೊಳಗಿನ ಗಾಳಿ ತನ್ನ ಗಾತ್ರಕ್ಕೆ ಹೊಂದುವ ಕಂಪನವನ್ನು ಹಿಡಿದು ದೊಡ್ಡದು ಮಾಡುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ. ಆತನ ಹೆಸರು ಕೇಳದ ಮನೆಗಳಲ್ಲಿ ಮಡಕೆ ಬದಲಾಯಿಸಿ ಬದಲಾಯಿಸಿ, ಯಾವ ಮಡಕೆಗೆ ಯಾವ ನಾದ ಎಂದು ಕಂಡುಕೊಂಡವರಿದ್ದರು. ಸ್ವಲ್ಪ ಅನುಕೂಲ ಇದ್ದವರು ಊರಿನ ಆಚಾರಿಯಿಂದ ಹಲಸಿನ ಹಲಗೆಯ ಪೆಟ್ಟಿಗೆ ಮಾಡಿಸಿದರು. 1991ರ ನಂತರ ಪೇಟೆ ತೆರೆದುಕೊಂಡಾಗ ಇವರಲ್ಲೇ ಕೆಲವರು ಲಕ್ಷಗಟ್ಟಲೆ ಬೆಲೆಯ ಸೆಟ್ಟುಗಳಿಗೆ ಹೋದರು.

ಆ ಸೆಟ್ಟುಗಳ ಯಜಮಾನರಿಗೆ ಈಗ ಅರುವತ್ತು, ಎಪ್ಪತ್ತು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಎರಡು ಮಲಗುವ ಕೋಣೆಯ ಫ್ಲ್ಯಾಟಿನಲ್ಲಿ ಆಳೆತ್ತರದ ಸ್ಪೀಕರಿಗೆ ಜಾಗ ಇಲ್ಲ. ಪಕ್ಕದ ಮನೆಯವರು ಗೋಡೆ ಬಡಿಯುವ ಕಡೆ ಇದ್ದರೂ ಪ್ರಯೋಜನ ಇಲ್ಲ. ಹಿರಿಯರು ಸೇರಿದಲ್ಲೆಲ್ಲ ಒಂದೇ ಮಾತು: ಈಗಿನವರಿಗೆ ಕಿವಿಯೇ ಇಲ್ಲ, ಫೋನಿನಲ್ಲಿ ಏನು ಬರುತ್ತದೋ ಅದೇ ಸಾಕು, ನಮ್ಮೊಟ್ಟಿಗೆ ಇದೆಲ್ಲ ಮುಗಿಯಿತು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಕಿವಿಯ ಲೆಕ್ಕದಲ್ಲಿ ಅದು ತಲೆಕೆಳಗು. ಎಳೆಯ ಕಿವಿ ಸುಮಾರು 20,000 ಹರ್ಟ್ಜ್ ತನಕ ಕೇಳುತ್ತದೆ. ವಯಸ್ಸಾದಂತೆ ಮೇಲಿನ ಕಂಪನಗಳೇ ಮೊದಲು ಅಳಿಸಿಹೋಗುವುದು. ಅರುವತ್ತು ದಾಟಿದ ಬಹಳಷ್ಟು ಮಂದಿಗೆ 12,000ದಿಂದ ಆಚೆ ಏನೂ ಉಳಿದಿರುವುದಿಲ್ಲ. ಜಾಗಟೆಗೆ ಪೆಟ್ಟು ಬಿದ್ದು ಅದರ ನಾದ ಗಾಳಿಯಲ್ಲಿ ಪುಡಿಯಾಗುವುದನ್ನು ಪೂರ್ತಿ ಕೇಳಬಲ್ಲವನು ಮೊಮ್ಮಗನೇ ಹೊರತು ಅಜ್ಜ ಅಲ್ಲ. ಒಳ್ಳೆಯ ಸೆಟ್ಟು ಕೊಳ್ಳುವ ಶಕ್ತಿ ಬರುವ ಹೊತ್ತಿಗೆ ಅದನ್ನು ಕೇಳುವ ಶಕ್ತಿ ಅರ್ಧ ಹೋಗಿರುತ್ತದೆ ಎಂಬುದು ಈ ಹವ್ಯಾಸದ ಅತ್ಯಂತ ನೋವಿನ ಸಂಗತಿ. ಎರಡನೆಯದಾಗಿ, ಹುಡುಗರು ಕಳಪೆಯದನ್ನು ಕೇಳುತ್ತಿದ್ದಾರೆ ಎಂಬುದೂ ನಿಜವಲ್ಲ. ಪುತ್ತೂರಿನ ಕಾಲೇಜು ಹುಡುಗನ ಕಿವಿಯಲ್ಲಿರುವ ಎರಡು ಮೂರು ಸಾವಿರದ ಇಯರ್‌ಫೋನ್ ಸ್ವರದ ಸ್ಪಷ್ಟತೆಯಲ್ಲಿ, ನಮ್ಮ ಕಾಲದ ಎಷ್ಟೋ ದುಬಾರಿ ಸೆಟ್ಟುಗಳನ್ನು ಮೀರಿಸುತ್ತದೆ. ಯಾವುದರಲ್ಲಿ ಯಾವ ಸ್ವರ ಹೆಚ್ಚು, ಯಾವುದರಲ್ಲಿ ಕಡಿಮೆ ಎಂದು ಅವರು ನಕ್ಷೆ ಹಿಡಿದು ಚರ್ಚಿಸುವುದನ್ನು ನೋಡಿದ್ದೇನೆ. ಮಡಕೆ ಬದಲಾಯಿಸಿ ನೋಡಿದವರ ವಂಶದವರೇ ಅವರು, ಸಂಶಯ ಇಲ್ಲ.

ಹಾಗಾದರೆ ತಲೆಮಾರುಗಳ ನಡುವೆ ಕಡಿದುಹೋದದ್ದು ಏನು? ಕಡಿದದ್ದು ಅಳತೆಗೋಲು ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಹ್ಯಾರಿ ಪಿಯರ್ಸನ್ ಎಂಬವರು 1973ರಲ್ಲಿ ಒಂದು ಪತ್ರಿಕೆ ಶುರುಮಾಡಿದರು. ಸ್ಪೀಕರು, ಆಂಪ್ಲಿಫೈಯರುಗಳನ್ನು ಹೇಗೆ ಬೆಲೆಕಟ್ಟಬೇಕು ಎಂಬ ಬಗ್ಗೆ ಅವರದು ಒಂದೇ ಪಟ್ಟು. ಮೈಕು ಇಲ್ಲದೆ, ನಿಜವಾದ ಜಾಗದಲ್ಲಿ, ನಿಜವಾದ ವಾದ್ಯ ಹೊರಡಿಸುವ ಧ್ವನಿಯೇ ಪರಮ. ಯಂತ್ರ ಅದಕ್ಕೆ ಎಷ್ಟು ಹತ್ತಿರ ಬಂತು ಎಂಬುದೇ ಪರೀಕ್ಷೆ. ಪತ್ರಿಕೆಯ ಹೆಸರೂ ಅದೇ ಅರ್ಥದ್ದು. ಇಂದು ದುಬಾರಿ ಆಡಿಯೊ ಎಂದು ಜಗತ್ತು ಕರೆಯುವ ಹವ್ಯಾಸ ಬಹುಪಾಲು ಈ ಮಾತಿನ ಮೇಲೆ ನಿಂತಿದೆ. ಪಿಯರ್ಸನ್ನರ ಕಿವಿಯಲ್ಲಿದ್ದದ್ದು ಸಂಗೀತ ಸಭಾಂಗಣದ ಪಾಶ್ಚಾತ್ಯ ವಾದ್ಯವೃಂದ. ಅವರ ಮಟ್ಟಿಗೆ ಅದು ಸರಿ. ನಮ್ಮ ಸೀಮೆಯಲ್ಲಿ ಆ ಪರಮ ಧ್ವನಿ ಯಾವುದು?

ನನ್ನ ಅಜ್ಜನ ತಲೆಮಾರಿನವರಿಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ದೊಂದಿಯ ಬೆಳಕಿನಲ್ಲೋ ಗ್ಯಾಸ್‌ಲೈಟಿನಲ್ಲೋ, ಮೈಕಿನ ಸುಳಿವೇ ಇಲ್ಲದ ಯಕ್ಷಗಾನದ ಆಟ ನೋಡಿದವರು ಅವರು. ಎರಡು ಮೈಲಿ ಆಚೆಯ ಗುಡ್ಡದ ಮನೆಯಲ್ಲಿ ಮಲಗಿದವರಿಗೆ ಆಟಕ್ಕೆ ಮೊದಲು ಬಾರಿಸುವ ಕೇಳಿ ಪೀಠಿಕೆಯ ಚೆಂಡೆ ಕೇಳುತ್ತಿತ್ತು. ಆಟ ಉಂಟು ಎಂಬ ಸುದ್ದಿ ಹಬ್ಬುತ್ತಿದ್ದದ್ದೇ ಹಾಗೆ. ಹತ್ತಿರ ಹೋದರೆ ಅದೇ ಚೆಂಡೆ ಎದೆಗೆ ಬಡಿಯುತ್ತಿತ್ತು, ಭಾಗವತರ ಪದ ಅದರ ಮೇಲಿನಿಂದ ಹಾದು ಬರುತ್ತಿತ್ತು. ಏರು ಶ್ರುತಿಯ ಹಾಡುಗಾರಿಕೆ ತೆಂಕುತಿಟ್ಟಿನಲ್ಲಿ ಬರಿಯ ರುಚಿಯ ಪ್ರಶ್ನೆಯಾಗಿರಲಿಲ್ಲ. ಬಯಲಿನ ಕೊನೆಯ ಸಾಲಿಗೆ ಪದ ಮುಟ್ಟಬೇಕಾದರೆ ಬೇರೆ ದಾರಿ ಇರಲಿಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಸ್ವರದಲ್ಲಿ ಆ ಬಯಲು ಕೊನೆಯ ತನಕ ಇತ್ತು. ಮೈಕು ಎದುರಿಗಿದ್ದರೂ ಅವರು ಹಾಡುತ್ತಿದ್ದದ್ದು ಗದ್ದೆಯ ಆಚೆ ಕರೆಯ ಕೇಳುಗನಿಗೆ.

ಈಗ ಆಟದಲ್ಲಿ ಭಾಗವತರಿಗೆ ಮೈಕು, ಮದ್ದಳೆಗೆ ಮೈಕು, ಚೆಂಡೆಗೂ ಮೈಕು. ಮೊದಲೇ ಕಿವಿಗಡಚಿಕ್ಕುವ ವಾದ್ಯಕ್ಕೆ ಮೈಕು ಯಾಕೆ ಎಂದು ಕೇಳಿದರೆ, ಉಳಿದದ್ದೆಲ್ಲ ಏರಿದ ಮೇಲೆ ಅದೊಂದೇ ಬಿಟ್ಟರೆ ಹೊಂದುವುದಿಲ್ಲ ಎಂಬ ಉತ್ತರ ಸಿಗುತ್ತದೆ. ತಾಂತ್ರಿಕವಾಗಿ ಅದು ಸರಿ. ಪರಿಣಾಮ ಮಾತ್ರ ದೊಡ್ಡದು: ಚೆಂಡೆಯ ಚರ್ಮದಿಂದ ನೇರವಾಗಿ ಬಂದ ಪೆಟ್ಟನ್ನು ಒಮ್ಮೆಯೂ ಕೇಳದೆ ಬೆಳೆದ ಒಂದು ತಲೆಮಾರು ನಮ್ಮಲ್ಲಿದೆ. ಅವರು ಚೆಂಡೆ ಎಂದು ತಿಳಿದಿರುವುದು ಸ್ಪೀಕರ್ ಸ್ಟ್ಯಾಕಿನ ಧ್ವನಿಯನ್ನು. ಅಂಥವನ ಕೈಗೆ ಜಗತ್ತಿನ ಅತ್ಯುತ್ತಮ ಸೆಟ್ಟು ಕೊಟ್ಟು, ಇದು ನಿಜಕ್ಕೆ ಹತ್ತಿರ ಉಂಟಾ ಎಂದು ಕೇಳಿದರೆ, ಯಾವ ನಿಜ ಎಂದು ಅವನು ತಿರುಗಿ ಕೇಳುತ್ತಾನೆ. ಆ ಪ್ರಶ್ನೆ ನ್ಯಾಯವಾದದ್ದು.

ಇದಕ್ಕೆ ಹುಡುಗರನ್ನು ದೂರುವ ಮೊದಲು ನನ್ನ ತಲೆಮಾರಿನ ಹವ್ಯಾಸಿಗಳು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಲಕ್ಷಗಳ ಸೆಟ್ಟಿನ ಎದುರು ಕುಳಿತು ನಾವು ಕೇಳಿಸಿದ್ದು ಏನನ್ನು? ಅತಿಥಿ ಬಂದರೆ ಹೊರಗೆ ಬರುತ್ತಿದ್ದದ್ದು ವಿದೇಶದ ಪರೀಕ್ಷಾ ಸಿ.ಡಿ.ಗಳು, ನಮ್ಮಲ್ಲಿ ಯಾರೂ ಸಭಾಂಗಣದಲ್ಲಿ ಕುಳಿತು ಕೇಳಿರದ ವಾದ್ಯವೃಂದಗಳು, ಯಾರದೋ ಗಿಟಾರು. ಪಿಟೀಲಿನ ಮರದ ವಾಸನೆ ಬರುತ್ತದೆ ಎಂದು ಹೊಗಳುತ್ತಿದ್ದ ನಾವು ಆ ಪಿಟೀಲನ್ನಾಗಲಿ ಆ ಸಭಾಂಗಣವನ್ನಾಗಲಿ ಕಂಡವರಲ್ಲ. ಕಣ್ಣು ಮುಚ್ಚಿದರೂ ಗುರುತಿಸಬಲ್ಲ ಮದ್ದಳೆ ಮಾತ್ರ ನಮ್ಮಲ್ಲಿದ್ದದ್ದು ಕ್ಯಾಸೆಟ್ಟಿನಲ್ಲಿ. ಅದೂ ಆಂಪ್ಲಿಫೈಯರಿನಿಂದ ವಯರು ಎಳೆದು ತುಂಬಿಸಿದ್ದರ ಪ್ರತಿಯ ಪ್ರತಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಅದರಲ್ಲಿ ಅತಿ ಮೆಲ್ಲನೆಯದರಿಂದ ಅತಿ ಜೋರಿನದಕ್ಕೆ ಇರುವ ಅಂತರ ಹೆಚ್ಚೆಂದರೆ 50ರಿಂದ 60 ಡೆಸಿಬೆಲ್, ಸಿ.ಡಿ.ಯಲ್ಲಿ ಅದು 96. ಮದ್ದಳೆಯ ಬೆರಳಿನ ನುಡಿತದಿಂದ ಯುದ್ಧದ ಚೆಂಡೆಯ ಪೆಟ್ಟಿನ ತನಕದ ಹಾಸನ್ನು ಆ ಸಪೂರ ಟೇಪು ಹೊರಲಾರದು. ಮೆಲ್ಲನೆಯದು ಹಿಸ್ಸೆನ್ನುವ ಸದ್ದಿನಲ್ಲಿ ಮುಳುಗುತ್ತದೆ, ಜೋರಿನದು ಒಡೆಯುತ್ತದೆ. ಚೆನ್ನಾಗಿ ಬಲ್ಲ ಧ್ವನಿಗೆ ಕಳಪೆ ದಾಖಲೆ, ಅತ್ಯುತ್ತಮ ದಾಖಲೆ ಇರುವ ಧ್ವನಿಯ ಪರಿಚಯವೇ ಇಲ್ಲ. ಹೀಗಿರುವಾಗ ಇಪ್ಪತ್ತೈದರ ಹುಡುಗ ನಮ್ಮ ಸೆಟ್ಟಿನ ಎದುರು ಹತ್ತು ನಿಮಿಷ ಕುಳಿತು ಎದ್ದು ಹೋದರೆ ಅವನದೇನು ತಪ್ಪು? ಅವನ ಯಾವ ನೆನಪಿಗೂ ಅದು ತಾಗಲಿಲ್ಲ.

ಹೊಸ ಲೋಕದ ಲಕ್ಷಣಗಳು ಹವ್ಯಾಸ ಸಾಯುತ್ತಿದೆ ಎನ್ನುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ ಗ್ರಾಮಫೋನ್ ತಟ್ಟೆಗಳ ವ್ಯಾಪಾರದ ಮೊತ್ತ, 1980ರ ದಶಕದಿಂದೀಚೆ ಮೊದಲ ಸಲ, ಸಿ.ಡಿ.ಯದನ್ನು ದಾಟಿತು. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ತಟ್ಟೆಯಂತ್ರವನ್ನು 2010ರಲ್ಲಿ ಕಂಪೆನಿ ನಿಲ್ಲಿಸಿ, 2016ರಲ್ಲಿ ಮತ್ತೆ ತಯಾರಿಸಬೇಕಾಯಿತು. ಇದನ್ನು ತೋರಿಸಿ ನನ್ನ ಗೆಳೆಯರು ಸಮಾಧಾನ ಪಡುತ್ತಾರೆ. ನನಗೆ ಅಷ್ಟು ಸಮಾಧಾನ ಇಲ್ಲ. ಸುಳ್ಯದ ಹುಡುಗಿಯೊಬ್ಬಳು ತಟ್ಟೆಯಂತ್ರ ಕೊಂಡರೆ ಸಂತೋಷ. ಆದರೆ ಅದರ ಮೇಲೆ ಇಡಲು ಈ ನೆಲದ ಧ್ವನಿ ಬಹಳ ಕಡಿಮೆ ಸಿಗುತ್ತದೆ. ಯಂತ್ರ ಮರಳಿ ಬಂದರೂ ಅಳತೆಗೋಲು ಅದರೊಟ್ಟಿಗೆ ಬರುವುದಿಲ್ಲ.

ಹಾಗೆಂದು ಇಂದು ದಾಖಲೆಗೆ ಬರ ಇದೆಯೇ? ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ತನಕ ದಿನಾ ರಾತ್ರಿ ಎಲ್ಲಿಂದಾದರೂ ಆಟ ನೇರಪ್ರಸಾರ ಆಗುತ್ತಲೇ ಇರುತ್ತದೆ. ಹತ್ತಾರು ಸಾವಿರ ಗಂಟೆಗಳ ಧ್ವನಿ ರಾಶಿ ಬಿದ್ದಿದೆ. ದೂರದ ಊರಿನಲ್ಲಿರುವವರಿಗೆ ಅದು ದೊಡ್ಡ ಉಪಕಾರ, ಅದನ್ನು ಮಾಡುವ ಹುಡುಗರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಧ್ವನಿ ಬರುವುದು ಸೌಂಡ್ಸಿನವರ ಮಿಕ್ಸರಿನಿಂದ. ಬಯಲಿಗೆಂದು ಏರಿಸಿ, ಇಕೋ ಸೇರಿಸಿದ ಧ್ವನಿಯನ್ನೇ ಮತ್ತೆ ಕುಗ್ಗಿಸಿ ಫೋನಿಗೆ ಕಳಿಸುತ್ತಾರೆ. ಭಾಗವತರು ಎಲ್ಲಿ ಕುಳಿತಿದ್ದಾರೆ, ಚೆಂಡೆ ಅವರಿಂದ ಎಷ್ಟು ದೂರ, ಮಳೆಗಾಲದ ಕೂಟವಾದರೆ ಆ ಚಾವಡಿ ಎಷ್ಟು ದೊಡ್ಡದು, ಇದು ಯಾವುದೂ ಅದರಲ್ಲಿ ಇಲ್ಲ. ಸುಳ್ಯ ಸೀಮೆಯ ಭಾಗವತ ಪದ್ಯಾಣ ಗಣಪತಿ ಭಟ್ಟರು 2021ರಲ್ಲಿ ಹೋದರು. ಅವರ ಪದಗಳು ಬೇಕಾದಷ್ಟು ಸಿಗುತ್ತವೆ. ಒಂದು ಮನೆಯ ಜಗಲಿಯಲ್ಲಿ, ಮೂರು ಮಾರು ದೂರದಲ್ಲಿ, ಬರಿಯ ಮದ್ದಳೆಯೊಂದಿಗೆ ಹಾಡುವಾಗ ಆ ಕಂಠ ಹೇಗಿತ್ತು ಎಂದು ನಾಳೆ ಹುಟ್ಟುವ ಮಗುವಿಗೆ ತೋರಿಸಬಲ್ಲ ದಾಖಲೆಯನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಕ್ಯಾಸೆಟ್ಟಿನವರ ಋಣವನ್ನು ಇಲ್ಲಿ ಮರೆಯಬಾರದು. ಅರ್ಥಧಾರಿಗಳಲ್ಲಿ ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು 1914ರಲ್ಲಿ ಹುಟ್ಟಿದವರು, ಶೇಣಿ ಗೋಪಾಲಕೃಷ್ಣ ಭಟ್ಟರು 1918ರಲ್ಲಿ. ತಾಳಮದ್ದಳೆಯ ಅರ್ಥ ಕ್ಷಣದಲ್ಲಿ ಹುಟ್ಟಿ ಕ್ಷಣದಲ್ಲಿ ಕರಗುವಂಥದ್ದು. ನಾಳೆ ಅದೇ ಪ್ರಸಂಗ, ಅದೇ ಪಾತ್ರ, ಬೇರೆ ಮಾತು. ಟೇಪ್‌ರೆಕಾರ್ಡರ್ ಬರುವ ಮೊದಲು ತೀರಿಹೋದ ಅರ್ಥಧಾರಿಗಳ ಬಗ್ಗೆ ನಮಗೆ ಉಳಿದಿರುವುದು ಕೇಳಿದವರು ಹೇಳಿದ ಕಥೆ ಮಾತ್ರ. ದೇರಾಜೆ, ಶೇಣಿಯವರದು ಸ್ವಲ್ಪವಾದರೂ ಉಳಿಯಿತು, ಅದಕ್ಕೆ ಕಾರಣ ರಾತ್ರಿಯಿಡೀ ನಿದ್ದೆಗೆಟ್ಟು ಕ್ಯಾಸೆಟ್ ತಿರುಗಿಸುತ್ತ ಕುಳಿತ ಹವ್ಯಾಸಿಗಳು. ಉಡುಪಿಯಲ್ಲಿ ಕು.ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜಿನಲ್ಲಿ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕಟ್ಟಿ ಧ್ವನಿ, ಚಿತ್ರಗಳನ್ನು ಕೂಡಿಡಲು ಮುಂದಾದರು. ಆದರೆ ಮನೆಮನೆಯ ಪೆಟ್ಟಿಗೆಗಳಲ್ಲಿರುವುದು ಯಾವ ಕೇಂದ್ರಕ್ಕೂ ಹೋಗಿಲ್ಲ. ಅವಕ್ಕೆ ನಮ್ಮ ಹವೆಯೇ ಶತ್ರು. ವರ್ಷಕ್ಕೆ ನಾಲ್ಕು ಮೀಟರಿನ ಆಸುಪಾಸು ಮಳೆ ಬೀಳುವ ಊರುಗಳಿವು. ಮಳೆಗಾಲದ ಆಟಿ ತಿಂಗಳ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಸಲು ಕೂರುತ್ತದೆ, ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಅಂಟುತ್ತದೆ, ಎಪ್ರಿಲ್‌ನ ಒಂದು ಸಿಡಿಲಿಗೆ ಉಳಿದದ್ದೂ ಸುಟ್ಟುಹೋಗುತ್ತದೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದು, ಹೆಡ್ಡಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಮಸುಕಾದ ಧ್ವನಿಯನ್ನು ಕಿವಿಯಲ್ಲೇ ಹಿಡಿದು ತೆರೆಯಬಲ್ಲ ರಿಪೇರಿಯವರು ಪ್ರತಿ ಪೇಟೆಯಲ್ಲೂ ಇದ್ದರು. ಅವರ ಅಂಗಡಿಗಳೆಲ್ಲ ಈಗ ಮೊಬೈಲ್ ಅಂಗಡಿಗಳಾಗಿವೆ. ಸೆಟ್ಟು ಕೊಳ್ಳುವವರು ಇಲ್ಲವಾಗುವುದಕ್ಕಿಂತ ಈ ಕೈಗಳು ಇಲ್ಲವಾಗುವುದು ನನ್ನನ್ನು ಹೆಚ್ಚು ಕಾಡುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ಹೇಳುವುದು ಇದು: ಈ ಸೀಮೆಯಲ್ಲಿ ಒಳ್ಳೆಯ ಧ್ವನಿಯ ಹವ್ಯಾಸ ಮುಂದುವರಿಯಬೇಕಾದರೆ ಅದು ಕೇಳುವ ತುದಿಯಿಂದ ಹಿಡಿದಿಡುವ ತುದಿಗೆ ಬರಬೇಕು. ಸ್ಪೀಕರಿಗೆ ಹಾಕುವ ಹಣ, ಗಮನ, ಹಟ ಎಲ್ಲವೂ ಮೈಕಿನ ಕಡೆಗೆ ತಿರುಗಬೇಕು. ಇದು ಬಡವರ ಹವ್ಯಾಸ ಅಲ್ಲ ಎಂಬ ಹಳೆಯ ಆಕ್ಷೇಪಕ್ಕೂ ಇಲ್ಲಿ ಸಮಾಧಾನ ಇದೆ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ನುಂಗಿದೆ, ಎಲೆಚುಕ್ಕಿ ಬೇರೆ ಹಬ್ಬುತ್ತಿದೆ. ಅಡಿಕೆಯ ದುಡ್ಡಿನಲ್ಲಿ ಸೆಟ್ಟು ಬದಲಾಯಿಸುತ್ತ ಹೋಗುವ ಕಾಲ ಎಲ್ಲರಿಗೂ ಉಳಿದಿಲ್ಲ. ಆದರೆ ಎರಡು ಒಳ್ಳೆಯ ಮೈಕುಗಳಿರುವ, ಅಂಗೈಯಲ್ಲಿ ಹಿಡಿಯುವ ರೆಕಾರ್ಡರು ಮಧ್ಯಮ ದರ್ಜೆಯ ಫೋನಿನ ಬೆಲೆಗೆ ಸಿಗುತ್ತದೆ. ಕ್ಯಾಸೆಟ್ಟು ಹೊರಲಾರದೆ ಹೋದ ಚೆಂಡೆಯನ್ನು ಅದು ನಿರಾಯಾಸವಾಗಿ ಹೊರುತ್ತದೆ, ನಡುವೆ ತಿರುಗಿಸುವ ಕೆಲಸವೂ ಇಲ್ಲ.

ಜಾಗವೂ ನಮ್ಮಲ್ಲೇ ಇದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಊರುಗಳಲ್ಲಿ ಕಟ್ಟಿದ ಹಂಚಿನ ಮನೆಗಳ ಚಾವಡಿಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಮರದ ಮುಚ್ಚಿಗೆ, ಇಳಿಜಾರಿನ ಮಾಡು, ಅಂಗಳದ ಕಡೆಗೆ ತೆರೆದ ಒಂದು ಬದಿ. ಸದ್ದು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುತ್ತ ಕೂರದೆ ಚದುರಿ ಹಗುರಾಗಿ ಮುಗಿಯುತ್ತದೆ. ಅದೇ ಚಪ್ಪಾಳೆಯನ್ನು ಹೊಳೆಯುವ ನೆಲ, ನುಣುಪು ಗೋಡೆಯ ಹೊಸ ಆರ್‌ಸಿಸಿ ಮನೆಯಲ್ಲಿ ತಟ್ಟಿದರೆ ಝಣಝಣ ಉಳಿಯುತ್ತದೆ. ದುಬಾರಿ ಕೇಬಲ್ಲಿನಲ್ಲಿ ಗುಣ ಹುಡುಕುತ್ತಿದ್ದಾಗ ನಾವು ಕೆಡವಿ ಹಾಕಿದ್ದು ಅತ್ಯುತ್ತಮ ಧ್ವನಿಕೋಣೆಗಳನ್ನು. ಉಳಿದಿರುವ ಚಾವಡಿಗಳಿಗೆ ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳದವರು ತಾವಾಗಿಯೇ ಬರುತ್ತಾರೆ. ಎರಡು ವೇಷ, ಭಾಗವತರು, ಚೆಂಡೆ, ಮದ್ದಳೆ, ಹಣತೆಯ ಬೆಳಕು, ಕಾಲು ಗಂಟೆಯ ಪ್ರಸಂಗ. ಮನೆಯ ಎದುರು ಹಾಗೆ ಬಂದಾಗಲಾದರೂ ನಡುವೆ ಮೈಕಿಲ್ಲದೆ ಕೇಳಬಹುದು.

ಕಳೆದ ವರ್ಷ ಆಟಿಯಲ್ಲಿ ಕಡಬದ ಹತ್ತಿರದ ದೊಡ್ಡಪ್ಪನ ಮನೆಯಲ್ಲಿದ್ದೆವು. ಚಿಕ್ಕಮೇಳ ಬರುವುದು ಗೊತ್ತಿತ್ತು. ಎಂಜಿನಿಯರಿಂಗ್ ಓದುವ ತಮ್ಮನ ಮಗ ರೆಕಾರ್ಡರನ್ನು ಒಂದು ಸ್ಟೂಲಿನ ಮೇಲೆ ಚೆಂಡೆಯವರ ಎದುರೇ ಇಟ್ಟ. ಎಂಬತ್ತೊಂದರ ದೊಡ್ಡಪ್ಪನಿಗೆ ಈಗ ಬಲಗಿವಿ ಮಾತ್ರ ಸರಿ. ಹಿಂದೆ ನೂರಾರು ಕ್ಯಾಸೆಟ್ ತುಂಬಿಸಿದ ಜನ ಅವರು. ಅಳಿಯನ ಕೈ ಹಿಡಿದು ಎದ್ದು ಬಂದು, ಭಾಗವತರು ಶ್ರುತಿ ಹಿಡಿಯುವಾಗ ಚಾವಡಿಯ ನಾಲ್ಕು ಕಡೆ ನಿಂತು ನೋಡಿದರು. ಆಮೇಲೆ ಅಂದರು: "ಅಷ್ಟು ಹತ್ತಿರ ಬೇಡ ಮಾರಾಯ, ಚೆಂಡೆ ಉಳಿದದ್ದನ್ನು ತಿಂದುಬಿಡುತ್ತದೆ. ಈ ಕಂಬದ ಹತ್ತಿರ ತಾ. ಮದ್ದಳೆಯ ಎಡಬದಿ ಇಲ್ಲಿಗೆ ಬರುತ್ತದೆ." ಹುಡುಗ ಇಯರ್‌ಫೋನ್ ಹಾಕಿಕೊಂಡು ಸ್ಟೂಲನ್ನು ಕಂಬದ ಹತ್ತಿರ ಸರಿಸಿದ. ಇನ್ನೂ ಒಂದು ಮೊಳ ಹಿಂದೆ ಸರಿಸಿದ. ತಲೆ ಎತ್ತಿ, "ಹೌದು ಅಜ್ಜ, ಬಂತು" ಎಂದು ಇಯರ್‌ಫೋನಿನ ಒಂದು ತುದಿಯನ್ನು ತೆಗೆದು ಅವರ ಬಲಗಿವಿಗೆ ಇಟ್ಟ. ಹೊರಗೆ ಮಳೆ ಸ್ವಲ್ಪ ಹೊತ್ತು ನಿಂತಿತ್ತು. ಮಾಡಿನ ಹಂಚಿನಿಂದ ಅಂಗಳಕ್ಕೆ ಹನಿ ಬೀಳುವುದೂ ಆ ದಾಖಲೆಯಲ್ಲಿ ಇದೆ.